ನಾಲ್ಕು ನಿಮಿಷ ತಾಳಲಾರದವರಿಗೆ ಜೈಲು ಸಿನಿಮಾ ಏಕೆ?

ಮಾನ್ಯ ಸಂಪಾದಕರೇ,

‘ಜೈಲು ಚಿತ್ರಗಳ ಉತ್ಸವಕ್ಕೆ ಉತ್ತಮ ಸ್ಪಂದನೆ’ ಎಂದು ಸೋಮವಾರದ ಸಂಚಿಕೆಯಲ್ಲಿ ಬರೆದಿದ್ದೀರಿ. ನಿಮ್ಮ ವರದಿಗಾರರು ಹಾರ-ತುರಾಯಿ ಮುಗಿದ ಕೂಡಲೇ ಎದ್ದು ಹೋಗಿರಬೇಕು. ಭಾನುವಾರ ರಂಗಮಂದಿರದಲ್ಲಿ, ಕೈದಿಗಳು ಸೆಲ್ಲಿನ ನೆಲ ಕೊರೆದು ಜೈಲಿನಿಂದ ತಪ್ಪಿಸಿಕೊಳ್ಳಲು ಹೊರಡುವ ‘ಲ ತ್ರೂ’ ಎಂಬ ಫ್ರೆಂಚ್ ಚಿತ್ರಕ್ಕೆ ಆದ ಗತಿ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಆರು ಗಂಟೆಯ ಪ್ರದರ್ಶನ ಭಾಷಣಗಳ ದೆಸೆಯಿಂದ ಶುರುವಾದದ್ದು 7.10ಕ್ಕೆ. ಫ್ಯಾನ್ ಇಲ್ಲ, ಮುರಿದ ಕುರ್ಚಿ, ಕೊನೆಯ ಬಸ್ಸಿನ ಚಿಂತೆ ಬೇರೆ. ಅದನ್ನೆಲ್ಲ ಸಹಿಸಬಹುದು. ಆದರೆ ಸೆಲ್ಲಿನ ನೆಲ ಒಡೆಯುವ ದೃಶ್ಯದಲ್ಲಿ, ಏಟು ಬೀಳುತ್ತಿರುವಾಗಲೇ, ಸಂಘಟಕರು ದೀಪ ಹಾಕಿ ‘ಮಧ್ಯಂತರ’ ಅಂದರು! ನಿರ್ದೇಶಕ ಜಾಕ್ ಬೆಕರ್ 1960ರ ಈ ಚಿತ್ರದಲ್ಲಿ ಆ ಕೆಲಸವನ್ನು ಸುಮಾರು ನಾಲ್ಕು ನಿಮಿಷ ಒಂದೇ ಶಾಟ್‌ನಲ್ಲಿ ತೋರಿಸಿದ್ದಾರೆ. ಮರದ ಹಾಸು ಎತ್ತಿ, ಮಂಚದಿಂದ ಕಳಚಿದ ಕಬ್ಬಿಣದಲ್ಲಿ ಕಾಂಕ್ರೀಟಿಗೆ ಹೊಡೆಯುತ್ತಾರೆ. ಒಬ್ಬನ ಕೈ ಸೋತರೆ ಇನ್ನೊಬ್ಬ. ಕಾವಲುಗಾರನಿಗೆ ಕೇಳಿಸೀತು ಎಂಬ ಭಯ ನೋಡುವವನ ಹೊಟ್ಟೆಯಲ್ಲಿ ಹುಟ್ಟುವುದು ಆ ಉದ್ದದಿಂದಲೇ. ಮಧ್ಯಂತರದ ನಂತರ ಮುಂದಿನ ಸಾಲಿನ ಗಣ್ಯರ ಕಿವಿಗೆ ಜಾಸ್ತಿಯಾಯಿತೆಂದು ಸದ್ದು ತಗ್ಗಿಸಿದರು. ಕಥೆ ಮುಗಿಯುವವರೆಗೂ ಹಿನ್ನೆಲೆ ಸಂಗೀತವೇ ಇಲ್ಲದ ಚಿತ್ರವದು. ಏಟಿನ ಸದ್ದು, ಬೀಗದ ಸದ್ದು, ಬೂಟಿನ ಸದ್ದು ಬಿಟ್ಟರೆ ಅದರಲ್ಲಿ ಇನ್ನೇನಿದೆ?

ಅಗಲವಾದ ‘ಸ್ಕೋಪ್’ ಪರದೆಯನ್ನು ಪೂರ್ತಿ ತುಂಬಿಸಬೇಕೆಂಬ ಹಟ ಇನ್ನೊಂದು. ಚಿತ್ರದ ಅಗಲ-ಎತ್ತರದ ಅಳತೆ 1.66:1, ಸ್ಕೋಪ್ ಪರದೆಯದು 2.39:1. ಪರದೆಯ ಅಗಲಕ್ಕೆ ತಕ್ಕಂತೆ ಚಿತ್ರವನ್ನು ದೊಡ್ಡದು ಮಾಡಿದರೆ ಮೇಲೆ-ಕೆಳಗೆ ಸೇರಿ ಶೇ 30ರಷ್ಟು ಚಿತ್ರ ಪರದೆಯಾಚೆ ಹೋಗುತ್ತದೆ. ಹಾಗೇ ಆಯಿತು, ಸಬ್‌ಟೈಟಲ್‌ನ ಕೆಳಸಾಲು ಕಾಣಲಿಲ್ಲ. ಇಬ್ಬದಿಯಲ್ಲಿ ಕಪ್ಪು ಬಿಟ್ಟು ತೋರಿಸಲು ಬೇಕಾದದ್ದು ಪ್ರೊಜೆಕ್ಟರಿನ ಒಂದು ಸೆಟ್ಟಿಂಗ್ ಬದಲಿಸುವ ಕೆಲಸ, ಅಷ್ಟೆ.

‘ಜೈಲು ಸಿನಿಮಾ ಎಲ್ಲಾ ಒಂದೇ, ಹೊಸ ಕೈದಿ, ಕ್ರೂರ ಜೈಲರ್, ಸುರಂಗ’ ಎಂದು ವೇದಿಕೆಯಿಂದ ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದರು. ಸ್ವಾಮಿ, ಒಂದೇ ರಾಗವನ್ನು ಇಬ್ಬರು ಹಾಡಿದರೆ ಒಂದೇ ಹಾಡಾಗುತ್ತದೆಯೇ? ರಾಬರ್ಟ್ ಬ್ರೆಸ್ಸನ್ ಅವರ 1956ರ ‘ಎ ಮ್ಯಾನ್ ಎಸ್ಕೇಪ್ಡ್’ನಲ್ಲೂ ಸೆಲ್ಲಿಗೆ ಹೊಸಬ ಬರುತ್ತಾನೆ. ಅಲ್ಲಿದ್ದ ಕೈದಿ ಚಮಚ ಮಸೆದು ಬಾಗಿಲ ಹಲಗೆ ಬಿಡಿಸಿ, ಹಗ್ಗ ಹೊಸೆದು ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ಹೊಸಬ ಬರುತ್ತಾನೆ; ಅವನನ್ನು ಕೊಲ್ಲಬೇಕೋ, ಜೊತೆಗೆ ಕರೆದೊಯ್ಯಬೇಕೋ ಎಂಬುದು ಆಗಿನ ಪ್ರಶ್ನೆ. ಬೆಕರ್ ಅವರಲ್ಲಿ ಹೊಸಬ ಆರಂಭದಲ್ಲೇ ಬರುತ್ತಾನೆ. ಅವನನ್ನು ನಂಬಿದ ಮೇಲೆಯೇ ಸೆಲ್ಲಿನಲ್ಲಿ ಮೊದಲಿನಿಂದ ಇದ್ದ ನಾಲ್ವರು ನೆಲಕ್ಕೆ ಕೈಹಾಕುವುದು. ಅದೇ ಹಳೆಯ ಸನ್ನಿವೇಶ, ಇಟ್ಟ ಜಾಗ ಬೇರೆ, ಚಿತ್ರವೇ ಬೇರೆ. 1947ರಲ್ಲಿ ಪ್ಯಾರಿಸ್ಸಿನ ಲಾ ಸಾಂತೆ ಜೈಲಿನಿಂದ ತಪ್ಪಿಸಿಕೊಳ್ಳಲು ನಿಜವಾಗಿ ಯತ್ನಿಸಿದವರಲ್ಲಿ ಒಬ್ಬರಾದ ಜಾನ್ ಕೆರೋದಿ ಅವರೇ ‘ಲ ತ್ರೂ’ನಲ್ಲಿ ನಟಿಸಿದ್ದಾರೆ. ಆರಂಭದಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡುವವರೂ ಅವರೇ. ಅವರು ಪರದೆಯ ಮೇಲೆ ಮಾತಾಡುವಾಗಲೂ ನಮ್ಮ ಸಂಘಟಕರು ವೇದಿಕೆಯ ಮೇಲೆ ಶಾಲು ಮಡಚುತ್ತಿದ್ದರು.

ಇದೇ ರಂಗಮಂದಿರದ ಸೋರುವ ಚಾವಣಿಗೆ ಎಷ್ಟು ಮನವಿ ಕೊಟ್ಟಿಲ್ಲ? ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ. ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರವೋ.

ಆ ಚಿತ್ರವನ್ನು ಇನ್ನೊಮ್ಮೆ, ಮಧ್ಯಂತರವಿಲ್ಲದೆ ತೋರಿಸಲಿ. ಇಲ್ಲವೇ ಉತ್ಸವವನ್ನೇ ನಿಲ್ಲಿಸಿ ಮೊದಲು ಚಾವಣಿ ರಿಪೇರಿ ಮಾಡಿಸಲಿ. ಎರಡೂ ಆಗದಿದ್ದರೆ ಇವರಿಗೆ ಉತ್ಸವದ ಉಸಾಬರಿಯಾದರೂ ಯಾಕೆ ಬೇಕಿತ್ತು?

– ನೊಂದ ಪ್ರೇಕ್ಷಕ