ಜೆರಾಕ್ಸ್ ಅಂಗಡಿಯ ಅಕ್ಕನಿಗೆ

ಚಿಕ್ಕಮಗಳೂರಿನ ಜೆರಾಕ್ಸ್ ಅಂಗಡಿಯ ಅಕ್ಕನಿಗೆ ಈ ಥ್ಯಾಂಕ್ಸ್. ಹೆಸರು ಕೇಳೋದೇ ಮರೆತೆ.

ಸಂಘದ ಸ್ಮರಣ ಸಂಚಿಕೆಗೆ ತಮಾಷೆ ಬರಹ ಕೊಡಲು ಅಂದೇ ಕೊನೆ ದಿನ. ಅವರು ಕೇಳಿದ್ದು 2 ಪುಟ, ನಾನು ಬರೆದದ್ದು 14. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರ, ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಕಥೆ, ಎಲ್ಲ ತುರುಕಿದ್ದೆ. ನಗು ಮಾತ್ರ ಇರಲಿಲ್ಲ.

ಪ್ರಿಂಟ್ ತೆಗೆಯುತ್ತಿದ್ದ ಅಕ್ಕ ಒಂಬತ್ತನೇ ಪುಟಕ್ಕೆ ಕಿಸಕ್ಕನೆ ನಕ್ಕರು. ಅಲ್ಲಿದ್ದದ್ದು ನಾಲ್ಕೇ ಸಾಲು. ಕಣದಲ್ಲಿ ಹರವಿದ್ದ ಕಾಫಿ ಹಣ್ಣಿನ ಮೇಲೆ ನಾನು ಜಾರಿ ಬಿದ್ದದ್ದು. ಮಾವನವರು ಮೊದಲು ಹಣ್ಣು ಗೋರಿ, ಆಮೇಲೆ ನನ್ನನ್ನು ಎತ್ತಿದ್ದು.

"ಸಾರ್, ಗಿರಿ ಎತ್ತರ ಎಲ್ರಿಗೂ ಗೊತ್ತು. ನೀವು ಬಿದ್ದಿದ್ದು ಬರೀರಿ" ಅಂದರು. ಸ್ಟೂಲ್ ಎಳೆದು ಫ್ಯಾನ್ ಕೆಳಗೆ ಹಾಕಿದರು. ಪೆನ್ಸಿಲ್ ಕೊಟ್ಟರು. ಹಾಳೆ ಹಾರದ ಹಾಗೆ ಸ್ಟೇಪ್ಲರ್ ಇಟ್ಟರು. ಅಂಗಡಿ ಮುಚ್ಚುವ ಹೊತ್ತಾದರೂ ಏಳಿ ಅನ್ನಲಿಲ್ಲ, ಸುಮ್ನೆ ಷಟರ್ ಅರ್ಧ ಇಳಿಸಿ ಕಾದರು. ಕೊನೆಗೆ ತಾವೇ ಟೈಪ್ ಮಾಡಿಕೊಟ್ಟರು. ದುಡ್ಡು ತಗೊಂಡದ್ದು ಎರಡೇ ಪುಟಕ್ಕೆ! ಹೊರಗೆ ಬಂದಾಗ ಎದೆ ಎಷ್ಟು ಹಗುರ ಅಂತೀರಿ.

ಆ 14 ಪುಟಗಳ ಹಿಂಬದಿಯಲ್ಲಿ ಈಗ ನಮ್ಮನೆ ದಿನಸಿ ಚೀಟಿ. ಸಂಚಿಕೆಯನ್ನು ಮಾವನವರಿಗೆ ಇನ್ನೂ ತೋರಿಸಿಲ್ಲ.