ಕೆಫೀನ್: ಕೂಡಿಸಿ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಪಿಯು ಪರೀಕ್ಷೆ, ಸಿಇಟಿ, ನೀಟ್ ಒಂದರ ಬೆನ್ನಿಗೊಂದು ಬರುವ ದಿನಗಳಲ್ಲಿ ದಾವಣಗೆರೆಯ ಹಾಸ್ಟೆಲ್‌, ಪಿ.ಜಿ.ಗಳಲ್ಲಿ ನಿದ್ದೆ ಓಡಿಸಲು ಕಾಫಿ, ಎನರ್ಜಿ ಡ್ರಿಂಕ್, ನಡುವೆ ಒಂದು ತಲೆನೋವಿನ ಗುಳಿಗೆ. ಕೆಲವು ಗುಳಿಗೆಗಳ ಪಟ್ಟಿಯ (ಸ್ಟ್ರಿಪ್) ಹಿಂದೆ ಪ್ಯಾರಸಿಟಮಾಲ್ ಪಕ್ಕದಲ್ಲೇ ಕೆಫೀನ್ ಎಂದಿರುತ್ತದೆ, ಓದುವವರು ಕಡಿಮೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80–120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50–65, ಚಹಾದಲ್ಲಿ 30–65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮೀರಬಾರದು. ಎನರ್ಜಿ ಡ್ರಿಂಕ್‌ನಲ್ಲಿ ಲೀಟರಿಗೆ 300 ಮಿ.ಗ್ರಾಂವರೆಗೆ ಅವಕಾಶವಿದೆ, ಅಂದರೆ 250 ಮಿ.ಲೀ. ಬಾಟಲಿಗೆ 75. ಬೈಟು ಕಾಫಿಗೆ ಹೆದರಬೇಕಿಲ್ಲ. ಆದರೆ ಒಂದೇ ರಾತ್ರಿ ಮೂರು ಬಾಟಲಿ, ಎರಡು ಲೋಟ ಕಾಫಿ ಸೇರಿದರೆ 400ರ ಆಸುಪಾಸು. ಹತ್ತಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ಬೆಳಗಿನ ಜಾವ ಮೂರಕ್ಕೂ ರಕ್ತದಲ್ಲಿರುತ್ತದೆ, ಅದರ ಮೇಲೆ ಮತ್ತೊಂದು. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹೊತ್ತು ಉಳಿಯುತ್ತದೆ. ಕೆಫೀನ್ ಒಡೆಯುವ ಯಕೃತ್ತಿನ ಕಿಣ್ವವನ್ನು ಆ ಔಷಧ ತಡೆಯುತ್ತದೆ.

ಇದಕ್ಕಿಂತ ದೊಡ್ಡ ಭಯ ಶುದ್ಧ ಕೆಫೀನ್ ಪುಡಿಯದು. ಒಂದು ಟೀ ಚಮಚ ಪುಡಿ ಸುಮಾರು 28 ಕಪ್ ಕಾಫಿಗೆ ಸಮ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಒಮ್ಮೆಲೇ 1,200 ಮಿ.ಗ್ರಾಂ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಅಷ್ಟು ಪುಡಿ ಅರ್ಧ ಚಮಚವೂ ಆಗದು. ಜಿಮ್‌ನ ಹುಡುಗರು ಕಣ್ಣಂದಾಜಿನಲ್ಲಿ ಕಲಸಿ ಕುಡಿಯುವ ವಸ್ತು ಇದಲ್ಲ.

ಕೈ ನಡುಕ, ನಿಲ್ಲದ ವಾಂತಿ, ಎದೆ ಡವಡವ, ತಳಮಳ ಕಂಡರೆ ತಡ ಮಾಡಬೇಡಿ. ಕೆಫೀನ್ ಅತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಲಯ ಕೆಡಬಹುದು. ಉಪ್ಪುನೀರು ಕುಡಿಸಿ ಕಕ್ಕಿಸುವುದು ಬೇಡವೇ ಬೇಡ. ಅದೇ ಹೊತ್ತಿಗೆ ಫಿಟ್ಸ್ ಬಂದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಖಾಲಿ ಬಾಟಲಿ, ಡಬ್ಬಿ, ಗುಳಿಗೆ ಪಟ್ಟಿ ಜೊತೆಗೊಯ್ದು ಎಷ್ಟು ಹೊತ್ತಿಗೆ ಎಷ್ಟು ಹೋಯಿತೆಂದು ಹೇಳಿ. ಒಂದು ಗಂಟೆಯೊಳಗೆ ತಲುಪಿದರೆ ಔಷಧೀಯ ಇದ್ದಿಲು ಕೊಟ್ಟು ರಕ್ತಕ್ಕೆ ಸೇರುವುದನ್ನು ತಗ್ಗಿಸಬಹುದು. ತೀರಾ ಕೈಮೀರಿದವರಿಗೆ ಡಯಾಲಿಸಿಸ್ ಇದೆ.

ಎನರ್ಜಿ ಡ್ರಿಂಕ್ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸಲ್ಲದು, ದಿನಕ್ಕೆ 500 ಮಿ.ಲೀ. ಮೀರಬಾರದು ಎಂಬ ಸೂಚನೆ ಬಾಟಲಿಯ ಮೇಲೇ ಇರುತ್ತದೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಶಾಲೆ, ಕೋಚಿಂಗ್ ಸೆಂಟರ್‌ ಎದುರಿನ ಅಂಗಡಿಯವರು ಅದನ್ನೇ ಕನ್ನಡದಲ್ಲಿ ದಪ್ಪಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಿ.

– ಇಬ್ಬರು ಫಾರ್ಮಸಿಸ್ಟರು, ದಾವಣಗೆರೆ