ತಕ್ಕಡಿಗೆ ಹೋದ ತೊಟ್ಟಿಮನೆ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ವಾಸ್ತುಶಿಲ್ಪ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಡಿಸೈನ್ ಸ್ಟುಡಿಯೊ ನಡೆಸುತ್ತಿರುವ ಮೇಷ್ಟ್ರು ನಾನು. ಕೆಲವು ವರ್ಷಗಳ ಹಿಂದೆ, ತಪಾಸಣಾ ತಂಡ ಬರುತ್ತದೆಂದು ನಮ್ಮ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿದರು. ಸುರುಳಿ ಸುತ್ತಿಟ್ಟಿದ್ದ ಹಳೆಯ ನಕ್ಷೆಗಳು ರದ್ದಿಯವನ ತಕ್ಕಡಿ ಏರಿದವು. ಅವುಗಳಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯೂ ಇತ್ತು. ಎರಡನೆಯ ವರ್ಷದ ಮಕ್ಕಳು ಆರು ದಿನ ಅಲ್ಲೇ ಉಳಿದು, ಜಗಲಿ, ಕಂಬ, ಜಂತಿ, ಅಟ್ಟದ ಏಣಿಯ ಮೆಟ್ಟಿಲು ಎಲ್ಲವನ್ನೂ ಟೇಪು ಹಿಡಿದು ಅಳೆದು ಬರೆದಿದ್ದರು. ಅಷ್ಟರಲ್ಲಿ ಅಣ್ಣತಮ್ಮಂದಿರ ಪಾಲಿನಲ್ಲಿ ಆ ಮನೆಯನ್ನು ಕೆಡವಿಯೂ ಆಗಿತ್ತು. ಈಗ ಮನೆಯೂ ಇಲ್ಲ, ಅದರ ಚಿತ್ರವೂ ಇಲ್ಲ. ಬಂದ ತಂಡ ಕಪಾಟಿನ ಬಾಗಿಲು ತೆರೆಯಲೇ ಇಲ್ಲ, ಅದು ಬೇರೆ ಮಾತು.

ಸ್ಟುಡಿಯೊ ಎಂದರೆ ಚಿತ್ರ ಬಿಡಿಸುವ ಕೋಣೆ ಎಂದು ಆಡಳಿತ ನಡೆಸುವವರಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿ ನಡೆಯುವುದು ಹೀಗೆ. ವಿದ್ಯಾರ್ಥಿನಿ ಒಂದು ಅಂಗನವಾಡಿಯ ಪ್ಲಾನ್ ತರುತ್ತಾಳೆ. ನಾನು ಅದರ ಮೇಲೆ, ಕೆಳಗಿನ ಗೆರೆಗಳು ಕಾಣುವಂಥ ತೆಳುವಾದ ಬಟರ್ ಪೇಪರ್ ಹಾಸಿ, ಪೆನ್ಸಿಲ್ ಹಿಡಿದು, ಮೂರು ಗಂಟೆಯ ಬಿಸಿಲು ಎಲ್ಲಿ ಬೀಳುತ್ತದೆ, ಮಕ್ಕಳು ಚಪ್ಪಲಿ ಎಲ್ಲಿ ಬಿಡುತ್ತಾರೆ, ಇರಚಲು ಎಷ್ಟು ಒಳಗೆ ಬರುತ್ತದೆ ಎಂದು ಕೇಳುತ್ತೇನೆ. ಅವಳಿಗೆ ಉತ್ತರ ಗೊತ್ತಿರುವುದಿಲ್ಲ. ಎಷ್ಟೋ ಸಲ ನನಗೂ. ಇಬ್ಬರೂ ಹುಡುಕುತ್ತೇವೆ. ಮುಂದಿನ ವಾರ ಅವಳು ಊರಿಗೆ ಹೋಗಿ, ನೋಡಿ, ಅಳೆದು, ಹಳೆಯದನ್ನು ಹರಿದು ಹೊಸದನ್ನು ತರುತ್ತಾಳೆ. ಇದು ಸಂಶೋಧನೆ ಅಲ್ಲದಿದ್ದರೆ ಮತ್ತೇನು?

ನಮ್ಮ ಬಡ್ತಿಯ ಅರ್ಜಿ ಇದನ್ನು ಒಪ್ಪುವುದಿಲ್ಲ. ಅದಕ್ಕೆ ಬೇಕಾದದ್ದು ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟವಾದ ಪ್ರಬಂಧಗಳ ಎಣಿಕೆ. ಹೀಗಾಗಿ ಸ್ಟುಡಿಯೊದಲ್ಲಿ ಕಳೆಯಬೇಕಾದ ಸಂಜೆಗಳನ್ನು ಯಾರೂ ಓದದ ಪ್ರಬಂಧಗಳು ನುಂಗುತ್ತಿವೆ. ನಾನೂ ಅಂಥವನ್ನು ಬರೆದಿದ್ದೇನೆ, ನಾಚಿಕೆಯಿಂದಲೇ ಹೇಳುತ್ತೇನೆ. ಬಾಲಕೃಷ್ಣ ದೋಶಿಯವರು 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿದ ಮೇಷ್ಟ್ರು. ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ವಿನ್ಯಾಸ. ಅವರು ನಮ್ಮಲ್ಲಿ ಬಡ್ತಿಗೆ ಅರ್ಜಿ ಹಾಕಿದ್ದರೆ ಆ ಕಲ್ಲಿನ ಓಣಿಗಳನ್ನು ಯಾವ ಕಾಲಂನಲ್ಲಿ ತುಂಬುತ್ತಿದ್ದರೋ!

ಕೈಕೆಲಸದಿಂದ ಹುಟ್ಟಿದ ಸಂಶೋಧನೆಗೆ ನಮ್ಮ ರಾಜ್ಯದಲ್ಲೇ ಹಳೆಯ ಉದಾಹರಣೆಯಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರುವಾದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ, ಹಳ್ಳಿಯ ನಡುವೆಯೇ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ, ಸುಡುವ ಅಗತ್ಯವೇ ಇಲ್ಲದ ಇಟ್ಟಿಗೆಯ ಹಿಂದೆ ಅವರ ವರ್ಷಗಳ ದುಡಿಮೆಯಿದೆ. ಇಂದು ಬೆಂಗಳೂರಿನಲ್ಲಿ ಆ ಇಟ್ಟಿಗೆಯ ಮನೆಗಳು ಎಷ್ಟೋ ಇವೆ.

ಇನ್ನೊಂದು ಕಡೆ ಸರ್ಕಾರ ಏನು ಮಾಡುತ್ತಿದೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಶಾಲಾ ಕೊಠಡಿಗೆ ಮಾತ್ರ ಎರಡೂ ಕಡೆ ಮಾದರಿ ನಕ್ಷೆ, ಅದೇ ಚಪ್ಪಟೆ ತಾರಸಿ. ಸೋರಿದ ಮೇಲೆ ಅದರ ಮೇಲೊಂದು ತಗಡಿನ ಚಾವಣಿ. ಪ್ರತಿ ಸೆಮಿಸ್ಟರ್‌ನಲ್ಲೂ ನಮ್ಮ ಮಕ್ಕಳು ಇಂಥದೇ ಶಾಲೆ, ಬಸ್ ನಿಲ್ದಾಣ, ಸಂತೆ ಕಟ್ಟೆಗಳನ್ನು ಆಯಾ ಊರಿಗೆ ತಕ್ಕಂತೆ ವಿನ್ಯಾಸ ಮಾಡುತ್ತಾರೆ. ಜ್ಯೂರಿ, ಅಂದರೆ ಪರೀಕ್ಷಕರ ಮುಂದೆ ವಿನ್ಯಾಸ ಒಪ್ಪಿಸುವುದು, ಮುಗಿದ ಸಂಜೆ ಅವು ಕಪಾಟು ಸೇರುತ್ತವೆ, ಆಮೇಲೆ ತಕ್ಕಡಿ.

ಇದೆಲ್ಲ ವಾಸ್ತುಶಿಲ್ಪ ಶಿಕ್ಷಣಕ್ಕೆ ನಿಯಮ ರೂಪಿಸುವ ದೆಹಲಿಯ ವಾಸ್ತುಶಿಲ್ಪ ಪರಿಷತ್ತಿನ ವ್ಯಾಪ್ತಿ ಎಂದು ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ರಚನೆಯಾದ ಆ ಪರಿಷತ್ತು 2020ರಲ್ಲಿ ಹೊರಡಿಸಿದ ನಿಯಮಗಳ ಹೆಸರೇ ‘ಕನಿಷ್ಠ ಮಾನದಂಡ’. ಅದಕ್ಕಿಂತ ಮೇಲೇರಬಾರದೆಂದು ಯಾರೂ ತಡೆದಿಲ್ಲ. ಬೋಧಕರ ಬಡ್ತಿಯಲ್ಲಿ, ಸರಿಯಾಗಿ ದಾಖಲಾಗಿ ಹೊರಗಿನ ತಜ್ಞರು ಪರಿಶೀಲಿಸಿದ ಸ್ಟುಡಿಯೊ ಕೆಲಸಕ್ಕೂ ಅಂಕ ಕೊಡುವಂತೆ ವಿಶ್ವವಿದ್ಯಾಲಯಗಳಿಗೆ ಸೂಚಿಸಿ. ಪುರಾತತ್ವ ಇಲಾಖೆಯ ಜೊತೆ ಮಾತನಾಡಿ, ಕಾಲೇಜುಗಳಲ್ಲಿರುವ ಹಳೆಯ ಮನೆಗಳ ಅಳತೆ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಒಂದೆಡೆ ಇಡಿಸಿ. ಕಟ್ಟಬೇಕಾದ ಒಂದು ನಿಜವಾದ ಶಾಲಾ ಕೊಠಡಿಯನ್ನು, ಒಂದೇ ಒಂದನ್ನು, ಯಾವುದಾದರೂ ಸ್ಟುಡಿಯೊದ ಕೈಗೆ ಕೊಟ್ಟು ನೋಡಿ, ಎಂಜಿನಿಯರರು ಜೊತೆಗಿರಲಿ. ಖಾಲಿ ಹುದ್ದೆಗಳ ಮಾತೂ ಇದೆ. ನಲವತ್ತು ಮಂದಿಯ ನನ್ನ ತರಗತಿಗೆ ಬೋಧಕರು ಇಬ್ಬರು. ಮೂರು ಗಂಟೆಯ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುವುದು ಒಂಬತ್ತು ನಿಮಿಷ.

ಅಂದು ತಕ್ಕಡಿಯಿಂದ ಇಳಿಸಿಕೊಂಡ ಇಪ್ಪತ್ತೆರಡು ಸುರುಳಿಗಳು ನಮ್ಮ ಮನೆಯ ಅಟ್ಟದಲ್ಲಿವೆ. ನಿಮ್ಮ ಇಲಾಖೆಯಿಂದ ಯಾರನ್ನು ಕಳಿಸಿದರೂ ರಸೀದಿ ಪಡೆದು ಒಪ್ಪಿಸುತ್ತೇನೆ. ಮಳೆಗಾಲಕ್ಕೆ ಮೊದಲೇ ಕಳಿಸಿದರೆ ಒಳ್ಳೆಯದು. ನಮ್ಮದೂ ಚಪ್ಪಟೆ ತಾರಸಿಯೇ.

ಇಂತಿ,
ಒಬ್ಬ ಸ್ಟುಡಿಯೊ ಮೇಷ್ಟ್ರು